ಎದೆಯ ಮೇಲೆ ಕೈಯಿಟ್ಟರೆ ಅಂಕಲಗಿ

ಮುಖ ತಿರುಗಿಸಿಕೊಂಡು ಊರ ಹೆಸರು ಹೇಳಿದವರಿಗೆ ಉದ್ದಪ್ಪನ ಮೋಟಾರಿನಲ್ಲಿ ಟಿಕೀಟು ಸಿಗುತ್ತಿರಲಿಲ್ಲ. ಹೇಳಿದವರು ಊರ ಗೌಡರಿರಲಿ, ತಾಲೂಕು ಕಚೇರಿಯ ರಾವಸಾಹೇಬರಿರಲಿ, ಹೊಸದಾಗಿ ಮದುವೆಯಾಗಿ ನಾಚಿಕೆಯಿಂದ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯಿರಲಿ, ಉದ್ದಪ್ಪ ಅವರ ಎದುರಿಗೆ ಬಂದು ನಿಂತು, ತೋರುಬೆರಳಿನಿಂದ ತನ್ನ ಮೂಗಿನ ತುದಿಯನ್ನು ಎರಡು ಸಲ ಮುಟ್ಟಿ, ಅವರು ಮುಖವೆತ್ತುವ ತನಕ ಕಾಯುತ್ತಿದ್ದ. ಎತ್ತದಿದ್ದರೆ ಇನ್ನೂ ಕಾಯುತ್ತಿದ್ದ. ಅವನು ಗಂಟೆ ಬಾರಿಸದೆ ಡ್ರೈವರ್ ಪರಸಪ್ಪ ಗಾಡಿ ಬಿಡುವಂತಿರಲಿಲ್ಲ, ಗಾಡಿ ಬಿಡದೆ ಒಳಗಿನ ಸೆಕೆ ಇಳಿಯುವಂತಿರಲಿಲ್ಲ. ಹಾಗಾಗಿ ಹಿಂದಿನ ಸಾಲಿನವರೆಲ್ಲ ಸೇರಿ, "ಅವನ ಮಾರಿ ನೋಡ್ರೆಪಾ, ನೋಡಿ ಒಂದು ಮಾತು ಒಗೀರಿ" ಎಂದು ಎಂಥ ದೊಡ್ಡ ಮನುಷ್ಯರನ್ನೂ ದಾರಿಗೆ ತರುತ್ತಿದ್ದರು. ಕೊನೆಗೆ ಅವರು ನೋಡಿದಾಗ ಉದ್ದಪ್ಪ, ಇಡೀ ಪ್ರಯಾಣದಲ್ಲಿ ತಾನು ಆಡಬಹುದಾದ ಕೆಲವೇ ಮಾತುಗಳಲ್ಲಿ ಒಂದನ್ನು ಒಡಕು ದನಿಯಲ್ಲಿ ಅವರಿಗೆಂದು ಖರ್ಚು ಮಾಡುತ್ತಿದ್ದ: "ನೋಡಿದರ ಕೇಳತೈತ್ರಿ."

ಹೆಸರು ಉದ್ದಪ್ಪನಾದರೂ ಆಳು ಗಿಡ್ಡ. ಮೋಟಾರಿನ ಸೂರಿಗೆ ತಲೆ ತಾಗದ ಏಕಮೇವ ಕಂಡಕ್ಟರ್ ಎಂದು ಪರಸಪ್ಪ ಅವನನ್ನು ಹೊಗಳುತ್ತಿದ್ದ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಆ ಅರ್ಧವನ್ನು ಲೋಕದ ಕಡೆಗೆ ಹಿಡಿದುಕೊಂಡೇ ತಿರುಗಬೇಕಾದ್ದರಿಂದ, ಬಲಭುಜ ಮುಂದೆ ಮಾಡಿ, ಕಿರಿದಾದ ಬಾಗಿಲಲ್ಲಿ ಅಡ್ಡಡ್ಡ ನುಸುಳುವವನ ಹಾಗೆ ನಡೆಯುತ್ತಿದ್ದ. ಬಿರುಬೇಸಗೆಯಲ್ಲೂ ಕಿವಿ ಮುಚ್ಚುವಂತೆ ಕಟ್ಟಿದ ಕರಿಯ ಉಣ್ಣೆಯ ಪಟ್ಟಿ. ಅವರದೇ ಕುರಿಯ ಉಣ್ಣೆ, ಹೆಂಡತಿ ರಾಯವ್ವ ನೂತದ್ದು. ಮೈಮೇಲೆ ನಾಲ್ಕು ಕಿಸೆಯ ಖಾಕಿ ಕೋಟು. ಒಂದು ಕಿಸೆಯಲ್ಲಿ ಟಿಕೀಟಿನ ಕಟ್ಟು. ಇನ್ನೊಂದರಲ್ಲಿ, ಕಿವಿಗೆ ಹಾಕಿದೊಡನೆ ಬುಸ್ಸೆಂದು ನೊರೆಯೇಳುವ ಔಷಧದ ಸಣ್ಣ ಶೀಶೆ. ಮತ್ತೊಂದರಲ್ಲಿ ಹಿಂಜಿದ ಅರಳೆ. ಕೊನೆಯದರಲ್ಲಿ ಜ್ಯೇಷ್ಠಮಧುವಿನ ಕಡ್ಡಿಗಳು. ಗಂಟಲು ಒಣಗಬಾರದೆಂದು ಅಂಥ ಕಡ್ಡಿಯೊಂದು ಸದಾ ಅವನ ದವಡೆಯಲ್ಲಿರುತ್ತಿತ್ತು. ಅದನ್ನು ಬೀಡಿಯೆಂದು ತಿಳಿದು ಅವನ ಹತ್ತಿರ ಬೆಂಕಿ ಕೇಳಿದವರಲ್ಲಿ ನಾನೂ ಒಬ್ಬ.

ನಾನು ಗೋಕಾಕದ ಹೈಸ್ಕೂಲಿಗೆ ಮಾಸ್ತರನಾಗಿ ಬಂದು, ವಾರಕ್ಕೊಮ್ಮೆ ಹುಕ್ಕೇರಿಯ ನಮ್ಮ ಮನೆಗೆ ಅವನ ಮೋಟಾರಿನಲ್ಲೇ ಹೋಗಿಬರುತ್ತಿದ್ದವನು. ನಾನು ಬರುವ ಮೊದಲಿನ ಸಂಗತಿಗಳನ್ನು ಅವನು ಹೇಳಿದ್ದು ಕಡಿಮೆ; ಪರಸಪ್ಪ ಮತ್ತು ರಾಯವ್ವ ಹೇಳಿದ್ದೇ ಹೆಚ್ಚು. ಮಾತನ್ನು ಉಳಿಸುವವನ ಸುತ್ತ ಮಾತಾಡುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಅವನದು ಮೂಡಲಗಿಯ ಹತ್ತಿರದ ಕುರುಬರ ಮನೆತನ. ತಂದೆ ಬೀರಸಿದ್ದಪ್ಪನಿಗೆ ನೂರು ಕುರಿಗಳ ಹಿಂಡು. ಗುಡ್ಡದ ಈಚೆ ಒಬ್ಬ, ಆಚೆ ಒಬ್ಬ ನಿಂತು ಕುರಿ ಮೇಯಿಸುವಾಗ, ಗಾಳಿ ಎದುರಾದರೆ ಕೂಗಿ ಫಲವಿಲ್ಲ, ಹೆಗಲ ಕಂಬಳಿ ತೆಗೆದು ಬೀಸಬೇಕು: ಒಮ್ಮೆ ಬೀಸಿದರೆ ಹಿಂಡನ್ನು ನೀರಿಗೆ ಹೊಡೆ ಎಂದು, ಎರಡು ಸಲ ಬೀಸಿದರೆ ತೋಳ ಬಂದಿದೆ ಎಂದು. ಕೈಯಿಂದ ಮಾತಾಡುವ ಈ ವಿದ್ಯೆ ಉದ್ದಪ್ಪನಿಗೆ ನಡೆಯಲು ಕಲಿತಷ್ಟೇ ಸಹಜವಾಗಿ ಬಂದಿತ್ತು. ಏಳನೆಯ ವಯಸ್ಸಿಗೆ ಕಿವಿ ಸೋರತೊಡಗಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು, ಎಲೆಗಳ ರಸ ಹಿಂಡಿದರು, ದೃಷ್ಟಿ ತೆಗೆದರು. ಅದು ಬೇಸಗೆಯಲ್ಲಿ ಆರಿ, ಮಳೆಗಾಲದಲ್ಲಿ ಮತ್ತೆ ಸೋರಿ, ಒಂದೊಂದು ವರ್ಷಕ್ಕೆ ಒಂದೊಂದು ಸದ್ದನ್ನು ತೆಗೆದುಕೊಂಡು ಹೋಯಿತು. ತೋಳದ ಸುಳಿವು ಕೇಳದವನು ಹಿಂಡಿಗೆ ಬೇಡವೆಂದು ಬೀರಸಿದ್ದಪ್ಪ ಮಗನನ್ನು ಗೋಕಾಕದ ಒಬ್ಬ ಮಾಲೀಕನ ಮೋಟಾರಿಗೆ ಕೆಲಸಕ್ಕೆ ಹಚ್ಚಿದ.

ಅದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಆ ಮೋಟಾರು ಇನ್ನೂ ಇದ್ದಲಿಯಿಂದ ಓಡುತ್ತಿತ್ತು. ಹಿಂದುಗಡೆ ಒಲೆಯಂಥ ದೊಡ್ಡ ಪೀಪಾಯಿ, ಅದರ ಹಿಡಿಕೆ ತಿರುವಿ ತಿರುವಿ ಬೆಂಕಿ ಎಬ್ಬಿಸಬೇಕು. ಬೆಳಗಿನ ಎರಡು ತಾಸು ಉದ್ದಪ್ಪ ಆ ಹೊಗೆ ನುಂಗುತ್ತಿದ್ದ, ಉಳಿದ ಹತ್ತು ತಾಸು ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುತ್ತಿದ್ದ. ತನ್ನ ಕೂಗು ತನಗೇ ಸರಿಯಾಗಿ ಕೇಳದವನು ಬೇಕಾದ್ದಕ್ಕಿಂತ ಎರಡು ಪಟ್ಟು ಕೂಗುತ್ತಾನೆ. ಎರಡು ವರ್ಷಕ್ಕೆ ಗಂಟಲು ಗೊಗ್ಗರಾಯಿತು, ಮೂರನೆಯ ವರ್ಷಕ್ಕೆ ಮಧ್ಯಾಹ್ನವಾಗುವಷ್ಟರಲ್ಲಿ ದನಿಯೇ ಹೊರಡದಾಯಿತು. ಮೀರಜದ ದವಾಖಾನೆಯಲ್ಲಿ ಕನ್ನಡಿ ಹಾಕಿ ಗಂಟಲು ನೋಡಿದ ಡಾಕ್ಟರರು ನಿಚ್ಚಳವಾಗಿ ಹೇಳಿದರು.

"ಕೂಗಿ ಕೂಗಿ ಗಂಟಲದಾಗ ಗಂಟು ಎದ್ದಾವು. ಕಿವ್ಯಾಗಿನ ಪೊರಿ ಹರದೈತಿ. ಇವು ಪೂರಾ ವಾಸಿ ಆಗೂವಲ್ಲ, ಕಾಯ್ಕೊಂಡು ಹೋಗೂವು. ಮಾತು ಕಡಿಮಿ ಮಾಡು, ಈ ಕೂಗೂ ಕೆಲಸ ಬಿಡು."

"ಮಾತು ಬಿಡತೀನ್ರಿ," ಎಂದನಂತೆ ಉದ್ದಪ್ಪ. "ಕೆಲಸ ಬಿಡಂಗಿಲ್ಲ."

ಕಾಯ್ದುಕೊಂಡು ಹೋಗುವ ವಿಷಯದಲ್ಲಿ ಕುರಿ ಕಾಯ್ದ ಮನೆತನಕ್ಕೆ ಹೊರಗಿನವರು ಪಾಠ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಓಮದ ಹಬೆ, ಉಪ್ಪುನೀರಿನ ಮುಕ್ಕಳಿಕೆ, ನೊರೆಯ ಔಷಧ, ಹೊಸ ಅರಳೆ. ತಲೆಗೆ ನೀರು ಹಾಕಿಕೊಳ್ಳುವ ದಿನ ಎಣ್ಣೆಯಲ್ಲಿ ಅದ್ದಿದ ಅರಳೆ. ಘಟಪ್ರಭೆಯ ನೀರಿಗೆ ಕಾಲು ಮಾತ್ರ, ತಲೆ ಇಲ್ಲ. ಇದು ಒಂದು ದಿನವೂ ತಪ್ಪಿದ್ದಿಲ್ಲ. ಕಿವಿಯೊಳಗೆ ಹಗಲಿರುಳು ಒಂದು ಗುಂಯ್‌ಗುಡುವ ಸದ್ದು ಬೇರೆ ಇತ್ತು; ಅದಕ್ಕೆ ಮದ್ದಿಲ್ಲವೆಂದು ತಿಳಿದ ಮೇಲೆ, "ಒಳಗಿನ ಮೋಟಾರ ನಿಂದ್ರಂಗಿಲ್ರಿ, ಪೆಟ್ರೋಲ್ ಇಲ್ದಾನ ಓಡತೈತಿ" ಎಂದು ಅದನ್ನೂ ಒಂದು ಗಾಡಿಯ ಲೆಕ್ಕಕ್ಕೆ ಹಾಕಿಬಿಟ್ಟ. ಮನೆಯಲ್ಲಿ ಗಂಡಹೆಂಡಿರ ಜಗಳಕ್ಕೂ ಮಾತಿರಲಿಲ್ಲ, ಕೈಸನ್ನೆಯೇ. ರಾಯವ್ವನಿಗೆ ಸಿಟ್ಟು ಮಿತಿಮೀರಿದರೆ ತಾಟು ಕುಕ್ಕುತ್ತಿದ್ದಳು; ಕುಕ್ಕಿ, ಅದು ಅವನಿಗೆ ಕೇಳುವುದಿಲ್ಲವೆಂಬುದು ನೆನಪಾಗಿ, ತಾನೇ ನಗುತ್ತಿದ್ದಳು.

ಜನ ಬಿಡುತ್ತಾರೆಯೇ? ಮೋಟಾರು ಹತ್ತಿದವರಲ್ಲಿ ಅರ್ಧ ಜನ ಅವನಿಗೆ ಮದ್ದು ಹೇಳುವವರು, ಇನ್ನರ್ಧ ಜನ ಅಡ್ಡಹೆಸರಿಡುವವರು. ಒಮ್ಮೆ ಒಬ್ಬ ವ್ಯಾಪಾರಿ, ಉದ್ದಪ್ಪ ಹತ್ತಿರವಿದ್ದಾಗಲೇ, ಸಣ್ಣ ದನಿಯಲ್ಲಿ ಪಕ್ಕದವನಿಗೆ "ಈ ಕೆಪ್ಪನ್ನ ಯಾಕ ಇಟಗೊಂಡಾರೋ" ಅಂದ. ಉದ್ದಪ್ಪ ಹೋಗಿ ಅವನೆದುರಿಗೆ ನಿಂತ.

"ಮಂದಿ ಏನಾರ ಅನ್ನಲಿ, ನನಗ ತಿಳೀಯೂದು ಕಡಿಮಿ," ಎಂದ. "ಆದ್ರ ಕೆಪ್ಪ ಅನ್ನೂದು ಭಾಳ ಚೊಲೊ ತಿಳಿತೈತ್ರಿ. ಅದನ್ನ ಅನ್ನೂ ಮುಂದ ಎರಡೂ ತುಟಿ ಕೂಡತಾವು."

ಅವನು ತುಟಿ ಓದುತ್ತಿದ್ದ. ಇದು ತಿಳಿದ ಮೇಲೆಯೇ ಆ ಸೀಮೆಯ ಊರುಗಳನ್ನು ಅವನು ಹೇಗೆ ವಿಂಗಡಿಸಿಕೊಂಡಿದ್ದನೆಂಬುದು ನನಗೆ ಅರ್ಥವಾದದ್ದು. ಮಮದಾಪುರದವರು ಪುಣ್ಯವಂತರು, ಆ ಹೆಸರನ್ನು ಹೇಳುವಾಗ ತುಟಿ ಮೂರು ಸಲ ಕೂಡಿ ಬಿಡುತ್ತದೆ, ಕುರುಡನೊಬ್ಬನನ್ನು ಬಿಟ್ಟು ಯಾರಿಗಾದರೂ ಕಾಣುತ್ತದೆ. ಮೂಡಲಗಿಗೆ ಮೊದಲೇ ತುಟಿ ಕೂಡುತ್ತದೆ, ಹುಕ್ಕೇರಿಗೆ ತುಟಿ ದುಂಡಗಾಗುತ್ತದೆ. ಆದರೆ ಅಂಕಲಗಿ? ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಆ ಹೆಸರೆಲ್ಲ ನಾಲಿಗೆ ಗಂಟಲುಗಳ ಒಳವ್ಯವಹಾರ, ತುಟಿಗೆ ಅದರಲ್ಲಿ ಕೆಲಸವೇ ಇಲ್ಲ. ಅಂಕಲಿ ಎಂದರೂ ಹಾಗೆಯೇ. ಎರಡೂ ಖರೆ ಊರುಗಳು: ಗೋಕಾಕದಿಂದ ಬೆಳಗಾವಿಯ ಕಡೆ ಹೋದರೆ ಅಂಕಲಗಿ, ಹುಕ್ಕೇರಿ ಚಿಕ್ಕೋಡಿ ದಾಟಿ ಕೃಷ್ಣೆಯ ಕಡೆ ಹೋದರೆ ಅಂಕಲಿ. ನಡುವೆ ಇರುವುದು ಗಂಟಲಲ್ಲಿ ಹುಟ್ಟುವ ಒಂದು 'ಗಿ'. ಆ ಒಂದಕ್ಷರ ಉದ್ದಪ್ಪನ ಬಾಳನ್ನೇ ಅಲ್ಲಾಡಿಸಿತು.

ಮೊದಮೊದಲು ಅವನು ಈಗಿನ ಉದ್ದಪ್ಪನಾಗಿರಲಿಲ್ಲ. ಮೀರಜದಿಂದ ಬಂದ ಮೇಲೂ ಕಿವಿಯ ವಿಷಯವನ್ನು ಮಾಲೀಕನಿಂದ ಮುಚ್ಚಿಟ್ಟಿದ್ದ. ಯಾರು ಏನು ಹೇಳಿದರೂ ಗೋಣು ಹಾಕುವುದು, ಅರ್ಧ ಕೇಳಿ ಅರ್ಧ ಊಹಿಸುವುದು, ಊಹೆ ತಪ್ಪಿದರೆ ನಕ್ಕು ಹೊಂದಿಸಿಕೊಳ್ಳುವುದು. ಎಲ್ಲ ಕಿವಿ ಮಂದದವರೂ ಮಾಡುವ ಉಪಾಯ ಇದು. ೧೯೫೧ರ ಒಂದು ಬೆಳಿಗ್ಗೆ ಗೋಕಾಕದ ನಿಲ್ದಾಣದಲ್ಲಿ ಮೂರು ಮೋಟಾರುಗಳು ಒಟ್ಟಿಗೆ ನಿಂತು ಗುಡುಗುತ್ತಿದ್ದಾಗ, ಪೇಟೆಯಲ್ಲಿ ಮಜ್ಜಿಗೆ ಮಾರುವ ಗುಡ್ಡವ್ವ ಎಂಬ ಅರವತ್ತರ ಹೆಂಗಸು ಓಡುತ್ತ ಬಂದಳು. ಮೋಟಾರು ಹತ್ತಿದ್ದು ಅದೇ ಮೊದಲು. ಅವಳ ತವರು ಅಂಕಲಗಿಯಲ್ಲಿ ಅಣ್ಣ ತೀರಿಕೊಂಡ ಸುದ್ದಿ ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಅವಳು ಊರ ಹೆಸರು ಹೇಳಿದಳು. ಉದ್ದಪ್ಪ ಗೋಣು ಹಾಕಿದ, ಹುಕ್ಕೇರಿಗೆ ಹೊರಟಿದ್ದ ತನ್ನ ಮೋಟಾರಿಗೆ ಕೈಹಿಡಿದು ಹತ್ತಿಸಿಕೊಂಡ, ಕಿಟಕಿಯ ಹತ್ತಿರ ಜಾಗ ಮಾಡಿ ಕೂರಿಸಿದ. ಹುಕ್ಕೇರಿಯಲ್ಲಿ ಇಳಿಸಿ, ಅಂಕಲಿಗೆ ಹೋಗಲು ಇನ್ನು ಚಿಕ್ಕೋಡಿಯ ಮೋಟಾರು ಹತ್ತಬೇಕೆಂದು ದಾರಿ ತೋರಿಸಿದ.

ಗುಡ್ಡವ್ವ ಅಳಲಿಲ್ಲ. ಬಾಯಿಂದ ಸೆರಗು ತೆಗೆದು ಅವನನ್ನೇ ನೋಡಿದಳು.

"ಅಂಕಲಗಿ ಅಂದೆನಲ್ಲೋ ಯಪ್ಪಾ. ಮೂರ ಸಲ ಅಂದೆ. ಮೂರೂ ಸಲ ನೀ ಗೋಣ ಹಾಕಿದಿ."

ಹುಕ್ಕೇರಿಯಿಂದ ಹಿಂದಿರುಗಿ, ಗೋಕಾಕದಲ್ಲಿ ಬೇರೆ ಮೋಟಾರು ಹಿಡಿದು ಅವಳು ಅಂಕಲಗಿ ಮುಟ್ಟಿದಾಗ ಮರುದಿನವಾಗಿತ್ತು. ಅಣ್ಣನ ಮಣ್ಣು ಮುಗಿದು, ಮೇಲೆ ಕಲ್ಲಿಟ್ಟಿದ್ದರು. ಒಡಹುಟ್ಟಿದವನ ಮುಖವನ್ನು ಕೊನೆಯ ಸಲ ನೋಡುವ ಭಾಗ್ಯ ಹೆಣ್ಣುಮಗಳೊಬ್ಬಳಿಗೆ ತಪ್ಪಿದ್ದು ತನ್ನ ಗೋಣಿನಿಂದ ಎಂಬುದನ್ನು ತಿಳಿದ ಉದ್ದಪ್ಪ ಎಂಟು ದಿನ ಕೆಲಸಕ್ಕೆ ಹೋಗಲಿಲ್ಲ. ಹಬೆ ಇಲ್ಲ, ಔಷಧವಿಲ್ಲ, ಗೋಡೆಗೆ ಮುಖ ಮಾಡಿ ಕೂತಿದ್ದನೆಂದು ರಾಯವ್ವ ಹೇಳುತ್ತಿದ್ದಳು. ಅವನ ಬದುಕಿನಲ್ಲಿ ಅವನು ಸೋತಿದ್ದು ಆ ಎಂಟು ದಿನ ಮಾತ್ರ. ಒಂಬತ್ತನೆಯ ದಿನ ಮಜ್ಜಿಗೆಯ ಗಡಿಗೆ ಹೊತ್ತ ಗುಡ್ಡವ್ವನೇ ಅವನ ಮನೆ ಹುಡುಕಿಕೊಂಡು ಬಂದಳು. ಬೈಯಲು ಬಂದಳೆಂದು ಅವನು ಎದ್ದು ನಿಂತ. ಅವಳು ಗಡಿಗೆ ಇಳಿಸಿ, ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಕಿವಿ ಕೇಳಂಗಿಲ್ಲ ಅಂತ ಹೇಳಾಕ ಏನಾಗಿತ್ತೋ ನಿನಗ? ಹೇಳಿದ್ರ ಬ್ಯಾರೆ ಪರಿ ಹೇಳ್ತಿದ್ನೆಲ್ಲ."

"ಹೆಂಗ ಹೇಳ್ತಿದ್ದಿ ಯವ್ವಾ?"

ಗುಡ್ಡವ್ವ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡಳು. "ಹಿಂಗ. ನನ್ನ ತವರಮನಿ ಅದು."

ಅಂಕಲಗಿಗೆ ಆ ಗುರುತು ಬಂದದ್ದು ಹೀಗೆ. ಮರುದಿನ ಉದ್ದಪ್ಪ ಕೆಲಸಕ್ಕೆ ಹೋದವನು ಮೊದಲು ಮಾಲೀಕನ ಎದುರು ನಿಂತು, ತನಗೆ ಕಿವಿ ಕೇಳುವುದಿಲ್ಲ, ದನಿ ಬರುವುದಿಲ್ಲ, ಇನ್ನು ಮುಚ್ಚಿಡುವುದಿಲ್ಲ, ಇಟ್ಟುಕೊಂಡರೆ ಹೀಗೆಯೇ ಇಟ್ಟುಕೊಳ್ಳಬೇಕು ಎಂದ. ಮಾಲೀಕನಿಗೆ ಇಷ್ಟು ನಂಬಿಗಸ್ತ ಆಳು ಬೇರೆ ಸಿಗುತ್ತಿರಲಿಲ್ಲ. ಆಮೇಲೆ ಅವನು ಗೋಕಾಕದಿಂದ ಮೋಟಾರು ಹೋಗುವ ಊರಿಗೆಲ್ಲ ಒಂದೊಂದು ಗುರುತು ಹಂಚಿದ. ಗೋಕಾಕ ಫಾಲ್ಸಿಗೆ ಹೋಗುವವರು ಬೆರಳುಗಳನ್ನು ಮೇಲಿಂದ ಕೆಳಗೆ ಸುರಿಯಬೇಕು. ಹುಕ್ಕೇರಿಯವರು ತಮ್ಮೂರಿನ ಹಳೆಯ ಗೋರಿಗಳಂತೆ ಅಂಗೈ ಬಗ್ಗಿಸಿ ಗುಮ್ಮಟ ಮಾಡಬೇಕು. ಮೂಡಲಗಿಯವರು ಮೂಡಲಿಗೆ ಕೈ ಚಾಚಬೇಕು. ಗೋಕಾಕಕ್ಕೆ ಬರುವವರು ಐದೂ ಬೆರಳು ಕೂಡಿಸಿ ಬಾಯಿಗೆ ಕರದಂಟು ಇಟ್ಟುಕೊಂಡಂತೆ ಮಾಡಬೇಕು. ಅಂಕಲಿಗೆ ಕೈಯಿಂದ ಹೊಳೆಯ ಅಲೆ. ಎದೆಯ ಮೇಲೆ ಕೈಯಿಟ್ಟರೆ ಅಂಕಲಗಿ. ಮೊದಲು ಜನ ನಕ್ಕರು. ಒಂದು ಸುಗ್ಗಿ ಕಳೆಯುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ನಿಂತವರು, ಮೋಟಾರು ದೂರದಲ್ಲಿ ಕಂಡಾಗಲೇ ಕೈಯೆತ್ತಿ ತಮ್ಮೂರು ತೋರಿಸತೊಡಗಿದರು. "ಹೋಲ್ಡಾನ್, ರೈಟ್" ಎಂದು ಕೂಗುವುದನ್ನೂ ಅವನು ಬಿಟ್ಟ. ತಂದೆಯ ಹಿಂಡಿನ ಟಗರಿನ ಕೊರಳ ಗಂಟೆಯನ್ನು ತಂದು ಪರಸಪ್ಪನ ತಲೆಯ ಮೇಲೆ ಕಟ್ಟಿ, ಅದರ ಹಗ್ಗವನ್ನು ಬಾಗಿಲ ತನಕ ಎಳೆದ. ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ನಡೆ.

"ಇಪ್ಪತ್ತು ವರ್ಷ ಡ್ರೈವರಕಿ ಮಾಡಿ ಕಡೀಕ ನಿನ್ನ ಕೈಯಾಗ ಟಗರ ಆದ್ನೆಲ್ಲೋ ಮಾರಾಯಾ," ಎಂದು ಪರಸಪ್ಪ ಗೊಣಗುತ್ತಿದ್ದ.

ರಾಜ್ಯಗಳ ಗಡಿ ಬದಲಾಗಿ ಒಂದೆರಡು ವರ್ಷಕ್ಕೆ ಆ ಮಾಲೀಕನ ಮೋಟಾರುಗಳು ಸರಕಾರಕ್ಕೆ ಸೇರಿದವು. ಆಳುಗಳನ್ನೂ ತೆಗೆದುಕೊಳ್ಳುತ್ತಾರೆ, ಆದರೆ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕು ಎಂದಾಯಿತು. ಕಂಡಕ್ಟರನಾದವನು ಇಪ್ಪತ್ತು ಅಡಿ ದೂರದಿಂದ ಬೆನ್ನ ಹಿಂದೆ ಆಡಿದ ಪಿಸುಮಾತನ್ನು ಕೇಳಿಸಿಕೊಂಡು ತಿರುಗಿ ಹೇಳಬೇಕು. ಈ ಸುದ್ದಿ ಕೇಳಿ ಉದ್ದಪ್ಪನಿಗಿಂತ ಹೆಚ್ಚು ಗಾಬರಿಯಾದದ್ದು ಉಳಿದವರಿಗೆ. ಹನ್ನೊಂದು ವರ್ಷ ಕಟ್ಟಿದ ಬದುಕು ಒಂದು ಪಿಸುಮಾತಿಗೆ ಬೀಳುವುದರಲ್ಲಿತ್ತು. ಪರಸಪ್ಪ ಒಂದು ಯುಕ್ತಿ ಹೂಡಿದ: ಪರೀಕ್ಷೆಯ ಕೋಣೆಯ ಕಿಟಕಿಯಾಚೆ ತಾನು ನಿಲ್ಲುವುದು, ಡಾಕ್ಟರು ಪಿಸುಗುಟ್ಟಿದ್ದನ್ನು ಕೈಸನ್ನೆಯಲ್ಲಿ ಉದ್ದಪ್ಪನಿಗೆ ತೋರಿಸುವುದು. ಊರುಗಳ ಹೆಸರನ್ನೇ ಕೇಳುತ್ತಾರಂತೆ, ಬಲು ಸುಲಭ.

"ಹೂಂ ಅನ್ರಿ," ಎಂದಳು ರಾಯವ್ವ. "ಒಂದ ದಿನದ್ದು. ದೇವರೇನ ಸಿಟ್ಟಾಗಂಗಿಲ್ಲ."

ಉದ್ದಪ್ಪ ದವಡೆಯ ಕಡ್ಡಿ ತೆಗೆದ. ಅಂದರೆ ದೊಡ್ಡ ಮಾತಿಗೆ ಸಿದ್ಧನಾದನೆಂದು ಅರ್ಥ.

"ಕೇಳತೈತಿ ಅಂತ ಹಿಂದ ಒಮ್ಮೆ ಗೋಣ ಹಾಕೀನಿ. ಒಬ್ಬಾಕಿ ಅಣ್ಣನ ಮಾರಿ ನೋಡಲಿಲ್ಲ. ಇನ್ನೊಮ್ಮೆ ಹಾಕಂಗಿಲ್ಲ."

ಪರೀಕ್ಷೆಯ ಡಾಕ್ಟರರು ಅಣ್ಣಾಸಾಹೇಬರು. ಇದೇ ಸೀಮೆಯವರು, ಹೊಲಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಓದಿ ಬಂದವರು, ಕಾಯಿದೆಯ ಒಂದಕ್ಷರ ಆಚೀಚೆ ಮಾಡದವರೆಂದು ಹೆಸರಾದವರು. ಉದ್ದಪ್ಪನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಜ್ಜೆ ಎಣಿಸಿ ಹಿಂದೆ ಸರಿದು ಅವರು ಏನೋ ಪಿಸುಗುಟ್ಟಿದರು. ಅವರ ಮುಖ ನೋಡಲು ಉದ್ದಪ್ಪ ತಿರುಗಿ ನಿಂತ. ತಿರುಗಬಾರದೆಂದು ಕೈಮಾಡಿ, ಮತ್ತೆ ಗೋಡೆಗೆ ಮುಖ ಮಾಡಿಸಿ, ಮತ್ತೊಮ್ಮೆ ಪಿಸುಗುಟ್ಟಿದರು. ಉದ್ದಪ್ಪ ಮತ್ತೆ ತಿರುಗಿದ. ಮೂರನೆಯ ಸಲವೂ ಹಾಗೆಯೇ.

"ತಿರಗಬ್ಯಾಡಂತ ಎಷ್ಟ ಸಲ ಹೇಳಬೇಕಪಾ?"

"ಬೆನ್ನ ಹಿಂದ ಆಡೂ ಮಾತು ನನಗ ಕೇಳಂಗಿಲ್ರಿ, ಬರಕೊಳ್ರಿ," ಎಂದ ಉದ್ದಪ್ಪ. "ಆದ್ರ ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮೋಟಾರಿನ್ಯಾಗ ಇಪ್ಪತ್ತಡಿ ದೂರ ನಿಂತು, ನನ್ನ ಬೆನ್ನಿಗೆ ಪಿಸಿಪಿಸಿ ಅಂದು ಟಿಕೀಟ ಕೇಳೂ ಮನಶಾ ಯಾವ ಊರಾಗ ಅದಾನ್ರಿ? ಮೋಟಾರರ ಇಪ್ಪತ್ತಡಿ ಉದ್ದ ಐತೇನ್ರಿ?"

ಡಾಕ್ಟರರು ಕಾಯಿದೆಯ ಪುಸ್ತಕ ತೆರೆದು ಹಾಳೆ ತಿರುವಿದರು. ಅದರಲ್ಲಿ ಮೋಟಾರಿನ ಉದ್ದ ಬರೆದಿರಲಿಲ್ಲ.

"ನನ್ನ ಕಿವಿ ನೋಡಿದ್ರಿ, ಆತು. ಇನ್ನ ನನ್ನ ಕೆಲಸ ನೋಡ್ರಿ. ನಾಳೆ ಸಂತಿ ಐತಿ, ನಿಲ್ದಾಣಕ್ಕ ಬರ್ರಿ. ನೀವು ಕೇಳ್ರಿ, ನಾ ನೋಡತೀನಿ."

ಬರುತ್ತಾರೆಂದು ಯಾರೂ ತಿಳಿದಿರಲಿಲ್ಲ. ಅಣ್ಣಾಸಾಹೇಬರು ಬಂದರು. ಸಂತೆಯ ದಿನದ ಗೋಕಾಕ ನಿಲ್ದಾಣವೆಂದರೆ ಕೋಳಿ, ಕುರಿ, ಬುಟ್ಟಿ, ಕೂಸು, ಮೂರು ಎಂಜಿನ್ನುಗಳ ಗುಡುಗು. ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳದು. ಮೋಟಾರುಗಳ ಮುಂದೆ ಡಾಕ್ಟರರು ಕಾಗದ ಪೆನ್ಸಿಲು ಹಿಡಿದು ಒಂದು ಕಡೆ ನಿಂತರು, ಉದ್ದಪ್ಪ ಟಿಕೀಟಿನ ಕಟ್ಟು ಹಿಡಿದು ಇನ್ನೊಂದು ಕಡೆ ನಿಂತ. ಹತ್ತುವವರು ಡಾಕ್ಟರಿಗೆ ಬಾಯಿಂದ ಊರು ಹೇಳುವುದು, ಉದ್ದಪ್ಪನಿಗೆ ಎಂದಿನಂತೆ ತೋರಿಸುವುದು. ಅವತ್ತು ಹೈಸ್ಕೂಲಿಗೆ ರಜೆಯಿರಲಿಲ್ಲ. ಆದರೂ ನಾನು ಅಲ್ಲಿದ್ದೆ, ಹೆಡ್‌ಮಾಸ್ತರರೂ ಇದ್ದರು. ನಲವತ್ತು ಜನ ಹತ್ತಿದ ಮೇಲೆ, ಹತ್ತಿದವರನ್ನೇ ಮತ್ತೊಮ್ಮೆ ಕೇಳಿ, ಕಾಗದವನ್ನೂ ಟಿಕೀಟುಗಳನ್ನೂ ತಾಳೆ ನೋಡಿದರು. ಉದ್ದಪ್ಪನದು ಒಂದೂ ತಪ್ಪಿರಲಿಲ್ಲ. ಡಾಕ್ಟರರದು ಐದು ತಪ್ಪಿದ್ದವು. ಕಾಗದದ ಮೇಲೆ ಬಗ್ಗಿ ಬರೆಯುತ್ತಿದ್ದ ಅವರಿಗೆ, ಎದೆಯ ಮೇಲೆ ಕೈಯಿಟ್ಟು ನಿಂತಿದ್ದ ಹೆಂಗಸು ಹೇಳಿದ ಊರು ಅಂಕಲಿ ಎಂದು ಕೇಳಿಸಿತ್ತು.

ಜನ ನಕ್ಕರು. ಉದ್ದಪ್ಪ ನಗಲಿಲ್ಲ. ಆ ಕಾಗದದ ಮೇಲಿನ ಆ ಹೆಸರನ್ನು ಬೆರಳಿಂದ ಮುಟ್ಟಿದ.

"ಈ ಅವ್ವನ್ನ ನೀವು ಹುಕ್ಕೇರಿಗೆ ಕಳಿಸಿದ್ರಿ, ಸಾಹೇಬ್ರ," ಎಂದ. "ನಾನೂ ಒಬ್ಬಾಕಿನ್ನ ಕಳಿಸಿದ್ದೆ."

ಅಣ್ಣಾಸಾಹೇಬರು ಪೆನ್ಸಿಲನ್ನು ಕಿಸೆಗೆ ಹಾಕಿದರು. ಆಮೇಲೆ ಉದ್ದಪ್ಪನ ಎದುರಿಗೆ, ಅವನಿಗೆ ತುಟಿ ಕಾಣುವಂತೆ ನಿಂತು ಹೇಳಿದರು: "ನಾ ಸಣ್ಣಾಂವಿದ್ದಾಗ ಸಾಲಿ ಒಳಗ ಬಿಡತಿರಲಿಲ್ಲ, ಹೊರಗ ಕಟ್ಟಿ ಮ್ಯಾಲ ಕೂಡಸತಿದ್ರು. ಹಲಗಿ ಕಾಣತಿರಲಿಲ್ಲ. ನಾ ಕಲ್ತದ್ದೆಲ್ಲಾ ಬರೇ ಕಿವೀಲೆ. ಅದಕ್ಕ ಕಿವಿ ಇಲ್ದಾಂವಗ ಏನೂ ಬರಂಗಿಲ್ಲ ಅಂತ ತಿಳದಿದ್ನಿ, ಉದ್ದಪ್ಪ. ಆದ್ರ ಸುಳ್ಳ ಸರ್ಟಿಫಿಕೇಟ ನಾ ಬರಿಯಂಗಿಲ್ಲ."

"ಸುಳ್ಳ ಯಾಕ ಬರೀತೀರಿ? ಕಂಡದ್ದ ಬರೀರಿ."

ಅವರು ಕಂಡದ್ದನ್ನೇ ಬರೆದರು: ಈತನಿಗೆ ಪಿಸುಮಾತು ಕೇಳುವುದಿಲ್ಲ, ದನಿ ಹೊರಡುವುದು ಕಷ್ಟ, ಎರಡೂ ವಾಸಿಯಾಗುವಂಥವಲ್ಲ, ಸಂತೆಯ ದಿನ ನಲವತ್ತು ಜನರಲ್ಲಿ ಒಬ್ಬರ ಊರನ್ನೂ ತಪ್ಪಲಿಲ್ಲ, ನಾನು ಐದು ತಪ್ಪಿದೆ. ಇಂಥ ಕಾಗದವನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ಕಚೇರಿಯವರು ಮೂರು ತಿಂಗಳು ಯೋಚಿಸಿದರು. ಕೊನೆಗೆ ಒಂದು ಆಜ್ಞೆ ಬಂತು: ಆರು ತಿಂಗಳ ಮಟ್ಟಿಗೆ ಹಂಗಾಮಿ, ಆಮೇಲೆ ಮರುಪರೀಕ್ಷೆ. ಕಾಯಂ ಮಾಡಲು ಕಾಯಿದೆಯಿಲ್ಲ, ತೆಗೆದುಹಾಕಲು ಧೈರ್ಯವಿಲ್ಲ. ಆರು ತಿಂಗಳಿಗೊಮ್ಮೆ ಉದ್ದಪ್ಪ ಕೋಟು ಒಗೆಸಿ ಹಾಕಿಕೊಂಡು ದವಾಖಾನೆಗೆ ಹೋಗುತ್ತಾನೆ, ಬಾಗಿಲಲ್ಲೇ ನಿಂತು "ಇನ್ನೂ ಕೇಳಂಗಿಲ್ರಿ, ಬರಕೊಳ್ರಿ" ಎನ್ನುತ್ತಾನೆ, ಡಾಕ್ಟರರು ಬರೆದುಕೊಳ್ಳುತ್ತಾರೆ, ಆಜ್ಞೆ ಇನ್ನಾರು ತಿಂಗಳಿಗೆ ಮುಂದುವರಿಯುತ್ತದೆ. ಒಂಬತ್ತು ವರ್ಷವಾಯಿತು. ಅವನ ಜೊತೆಗೆ ಕಾಯಂ ಆದವರಲ್ಲಿ ಇಬ್ಬರು ಕೆಲಸ ಬಿಟ್ಟುಹೋದರು. ಹಂಗಾಮಿ ಉದ್ದಪ್ಪ ಇದ್ದಾನೆ.

ಅದುವರೆಗೆ ಹುಕ್ಕೇರಿಗೂ ಅಂಕಲಗಿಗೂ ಸರದಿಯ ಮೇಲೆ ಹೋಗುತ್ತಿದ್ದವನನ್ನು ಮೂರು ವರ್ಷದ ಹಿಂದೆ ಮೂಡಲಗಿಯ ದಾರಿಗೆ ಹಾಕಿದರು. ಅಂಕಲಗಿಯ ಬಸ್ಸಿಗೆ ಬೇರೆ ಸೀಮೆಯ ಹೊಸ ಕಂಡಕ್ಟರ್ ಬಂದ. ಚುರುಕಿನ ಮನುಷ್ಯ, ಸೊಗಸಾದ ದನಿ, ಸೂಜಿ ಬಿದ್ದರೆ ಕೇಳುವ ಕಿವಿ. ಅವನ ಮೊದಲನೆಯ ವಾರದಲ್ಲಿ ಅಂಕಲಗಿಯ ಕಡೆ ಏನೋ ಕೆಲಸವಿದ್ದು ನಾನು ಆ ಬಸ್ಸು ಹತ್ತಿದ್ದೆ. ಮುಂದಿನ ಸಾಲಿನಲ್ಲಿ ಗುಡ್ಡವ್ವ ಕೂತಿದ್ದಳು, ಎಪ್ಪತ್ತು ದಾಟಿದ ಜೀವ. ಅಣ್ಣ ಹೋದ ದಿನಕ್ಕೆ ಪ್ರತಿ ವರ್ಷವೂ ತವರಿಗೆ ಹೋಗಿ ಆ ಕಲ್ಲಿಗೆ ನೀರು ಹಾಕಿ ಬರುತ್ತಿದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಅವಳು ಎದೆಯ ಮೇಲೆ ಕೈಯಿಟ್ಟಳು.

"ಏನಮ್ಮ, ಎದೆನೋವಾ? ಬಾಯಿಬಿಟ್ಟು ಊರು ಹೇಳು."

ಅವಳು ಕೈ ತೆಗೆಯಲಿಲ್ಲ. ಬಾಯಿ ಬಿಡುವುದಕ್ಕೇನೂ ಕಷ್ಟವಿರಲಿಲ್ಲ; ಇಡೀ ಪೇಟೆಗೆ ಕೇಳುವಂತೆ ಮಜ್ಜಿಗೆ ಕೂಗುತ್ತಿದ್ದ ಬಾಯಿ ಅದು. ಆದರೆ ಬಿಡಲಿಲ್ಲ. ಕಂಡಕ್ಟರ್ ದನಿ ಏರಿಸಿ ಅವಳ ಪಕ್ಕದ ರೈತನನ್ನು ಕೇಳಿದ, "ನಿಮಗೆ ಎಲ್ಲಿಗ್ರೀ?" ರೈತ ಒಂದು ಕ್ಷಣ ಗುಡ್ಡವ್ವನನ್ನು ನೋಡಿ, ತಂಬಾಕಿನ ಚೀಲ ಮಡಿಲಲ್ಲಿಟ್ಟು, ತಾನೂ ಎದೆಯ ಮೇಲೆ ಕೈಯಿಟ್ಟ. ಅವನ ಹಿಂದಿನವನೂ ಇಟ್ಟ. ಅದರ ಹಿಂದಿನ ಸಾಲಿನವರು, ಕೂಸನ್ನು ಎತ್ತಿಕೊಂಡವಳು, ಕಂಬ ಹಿಡಿದು ನಿಂತ ಇಬ್ಬರು. ಕಾರಣ ಗೊತ್ತಿದ್ದವರು ಎಷ್ಟು ಜನವೋ. ಬಹಳ ಜನರಿಗೆ ಅದು ತಮ್ಮೂರಿನ ಹೆಸರು, ಅಷ್ಟೇ. ನನ್ನ ಕೈ ಯಾವಾಗ ಮೇಲೆ ಹೋಗಿತ್ತೋ ನನಗೆ ತಿಳಿಯದು.

ಪಕ್ಕದಲ್ಲೇ ಮೂಡಲಗಿಯ ಬಸ್ಸು ನಿಂತಿತ್ತು. ಅದರ ಬಾಗಿಲಿನಿಂದ ಉದ್ದಪ್ಪ ಇದನ್ನೆಲ್ಲ ನೋಡುತ್ತಿದ್ದ. ಹೊಸ ಕಂಡಕ್ಟರ್ ದಿಕ್ಕು ತೋಚದೆ ಆಚೀಚೆ ಕಣ್ಣಾಡಿಸುವಾಗ ಅವನ ದೃಷ್ಟಿ ಉದ್ದಪ್ಪನ ಮೇಲೆ ಬಿತ್ತು. ಉದ್ದಪ್ಪ ತೋರುಬೆರಳಿನಿಂದ ಮೂಗಿನ ತುದಿಯನ್ನು ಎರಡು ಸಲ ಮುಟ್ಟಿದ. ಏನೆಂದು ಅರ್ಥವಾಯಿತೋ, ಆ ಮನುಷ್ಯ ತಿರುಗಿ, ಮೊದಲ ಸಲ ಗುಡ್ಡವ್ವನ ಮುಖವನ್ನು ಸರಿಯಾಗಿ ನೋಡಿದ. ನೋಡಿ, ಏನೂ ಕೇಳದೆ, ಅಂಕಲಗಿಯ ಟಿಕೀಟು ಹರಿದು ಕೊಟ್ಟ.

ಮೈಯಲ್ಲಿ ಒಂದು ಕೊರತೆಯಿರುವವರನ್ನು ಕಂಡರೆ ನಾವು ಸುಲಭವಾಗಿ ಕನಿಕರಪಡುತ್ತೇವೆ. ಕನಿಕರಕ್ಕೆ ನಮ್ಮದೇನೂ ಖರ್ಚಾಗುವುದಿಲ್ಲ. ಉದ್ದಪ್ಪನಂಥವರು ಅದನ್ನು ಮುಟ್ಟುವುದೇ ಇಲ್ಲ. ವಾಸಿಯಾಗದ್ದನ್ನು ದಿನಾ ತೊಳೆದು, ಒರೆಸಿ, ಅರಳೆಯಿಟ್ಟು ಕಾಪಾಡಿಕೊಂಡು, ಅದನ್ನು ಮುಚ್ಚಿಡಲೊಲ್ಲದೆ, ಅದಕ್ಕಾಗಿ ಜಾಗ ಬಿಡಲೂ ಒಲ್ಲದೆ, ನಮ್ಮೆದುರು ಬಂದು ನಿಂತು ಅವರು ಕೇಳುವುದು ಒಂದೇ: ನಾವು ಅವರ ಕಡೆ ಮುಖ ತಿರುಗಿಸಿ ಮಾತಾಡಬೇಕು. ಅಷ್ಟು ಸಣ್ಣದನ್ನು ಕೊಡಲು ನಾವು ಎಷ್ಟು ಹಿಂದೆಮುಂದೆ ನೋಡುತ್ತೇವೆ, ಎಷ್ಟು ಕಾಯಿದೆ ತೆಗೆಯುತ್ತೇವೆ! ಅವರು ಮಾತ್ರ ಕಾಯುತ್ತಾರೆ, ಗಂಟೆಯ ಹಗ್ಗ ಅವರ ಕೈಯಲ್ಲಿರುತ್ತದೆ, ನಾವು ನೋಡುವ ತನಕ ಗಾಡಿ ಹೊರಡುವುದಿಲ್ಲ.